28 ದಿನ ಮಲಗಿದ ದುಡ್ಡು: ಕಾಸರಗೋಡು ಜಿಲ್ಲಾ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಡಿನಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅಹವಾಲು ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಅದು ಹೇಳದಿದ್ದರೂ ಕನ್ನಡದಲ್ಲೇ ಬರೆಯುತ್ತಿದ್ದೆ. ವಿದೇಶದ ಓದಿನ ಹೆಸರಿನಲ್ಲಿ ನಮ್ಮ ಮನೆಗಳು ಏಜೆಂಟರ ಮಾತು ನಂಬಿ ಸಾಲಕ್ಕೆ ಬೀಳುತ್ತಿವೆ. ನಾನು ಹೇಳಹೊರಟ ಈ ತೊಂದರೆಯ ಅರ್ಧಪಾಲು ಭಾಷೆಯದೇ.

ಬದಿಯಡ್ಕದಿಂದ ಸ್ವಲ್ಪ ಒಳಗೆ ನಾನೊಂದು ಅಕ್ಷಯ ಕೇಂದ್ರ ನಡೆಸುತ್ತೇನೆ, ಸರಕಾರಿ ಅರ್ಜಿ, ಸರ್ಟಿಫಿಕೇಟುಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಜಾಗ. ಯಾವ ಮನೆಯ ಮಗ ಅಥವಾ ಮಗಳು ವಿದೇಶಕ್ಕೆ ಹೊರಟಿದ್ದಾರೆ ಎಂಬುದು ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಪ್ಪ ಬಂದು ಜಾಗದ ತೆರಿಗೆಯ ರಶೀದಿ, ಅಂದರೆ ತೀರ್ವೆ ರಶೀದಿ ತೆಗೆದುಕೊಡಿ ಅನ್ನುತ್ತಾರೆ. ವಾರ ಬಿಟ್ಟು ಪೊಸೆಶನ್ ಸರ್ಟಿಫಿಕೇಟು, ಲೊಕೇಶನ್ ಸ್ಕೆಚ್, ಬಾಧ್ಯತಾ ಸರ್ಟಿಫಿಕೇಟು. ಈ ಮೂರೂ ಒಟ್ಟಿಗೆ ಬೇಕಾದರೆ ಜಾಗ ಬ್ಯಾಂಕಿನ ದಾರಿ ಹಿಡಿದಿದೆ ಎಂದೇ ಲೆಕ್ಕ. ಮದುವೆಗಾದರೆ ಚಿನ್ನ ಅಡವು ಹೋಗುತ್ತದೆ, ಮನೆ ಕಟ್ಟಲಿಕ್ಕಾದರೆ ಎಸ್ಟಿಮೇಟು ಜೊತೆಗಿರುತ್ತದೆ. ಎಸ್ಟಿಮೇಟಿನ ಬದಲು ಕೈಯಲ್ಲಿ ಪಾಸ್‌ಪೋರ್ಟಿನ ನಕಲು ಇದ್ದರೆ ನಾನು ಕೇಳುವುದು ಒಂದೇ: ‘ಯುಕೆಯೋ, ಕೆನಡಾವೋ?’

ಆಮೇಲೆ ಹೆಸರಿನ ಗೋಳು. ತಂದೆಯ ಹೆಸರು ಜಾಗದ ಆಧಾರಪತ್ರದಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಕನ್ನಡದಿಂದ ಇಂಗ್ಲಿಷಿಗೆ ಬರೆದವರು ಒಂದು ‘ಎಚ್’ ಬಿಟ್ಟಿರುತ್ತಾರೆ, ಮಲಯಾಳದಿಂದ ಇಂಗ್ಲಿಷಿಗೆ ಬರೆದವರು ಒಂದು ‘ಎಚ್’ ಸೇರಿಸಿರುತ್ತಾರೆ. ಎಸ್‌ಎಸ್‌ಎಲ್‌ಸಿ ಪುಸ್ತಕದ ಸವಿತ, ರೇಶನ್ ಕಾರ್ಡಿನ ಸವಿತ, ಪಾಸ್‌ಪೋರ್ಟಿನ ಸವಿತ ಮೂವರೂ ಒಬ್ಬಳೇ ಎಂದು ವಿಲೇಜು ಆಪೀಸಿನಿಂದ ಒನ್ ಆಂಡ್ ದಿ ಸೇಮ್ ಸರ್ಟಿಫಿಕೇಟು ತರಬೇಕು. ಗಡಿನಾಡಿನವರಿಗೆ ಇದು ಹುಟ್ಟಿನಿಂದ ಬಂದ ಆಸ್ತಿ. ಇದಕ್ಕೆ ನಗುತ್ತೇನೆ, ಮುಂದೆ ಹೇಳುವುದಕ್ಕೆ ನಗು ಬರುವುದಿಲ್ಲ.

ನನ್ನ ಅಕ್ಕನ ಮಗ ಬಿ.ಕಾಂ. ಮುಗಿಸಿದ. ಕಲಿತದ್ದು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಓದಿನಲ್ಲಿ ದಡ್ಡನಲ್ಲ, ಜಾಣರ ಸಾಲಿನವನೂ ಅಲ್ಲ, ನಮ್ಮ ನಿಮ್ಮ ಮನೆಯ ಮಕ್ಕಳ ಹಾಗೆ. ಕೈಯಲ್ಲಿ ಡಿಗ್ರಿ ಇತ್ತು, ಕಸುಬು ಇರಲಿಲ್ಲ. ಪಿಎಸ್‌ಸಿಗೆ ಎರಡು ಸಲ ಕೂತ. ಮಂಗಳೂರಿನ ಒಂದು ಕಡೆ ಲೆಕ್ಕ ಬರೆಯಲಿಕ್ಕೆ ಸೇರಿದ. ತಲಪಾಡಿ ದಾಟಿ ಹೋಗಿ ಬರುವ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕಳೆದರೆ ಉಳಿಯುವ ಸಂಬಳವನ್ನು ಮನೆಯಲ್ಲಿ ಹೇಳಲು ಅವನಿಗೆ ನಾಚಿಕೆ. ಆಗ ಒಬ್ಬ ಕನ್ಸಲ್ಟೆನ್ಸಿಯವ ಸಿಕ್ಕಿದ. ಹೆಸರು ಹೇಳುವುದಿಲ್ಲ. ಅವನಂಥವರು ಬೇಕಾದಷ್ಟಿದ್ದಾರೆ, ಒಬ್ಬನ ಹೆಸರು ಹಿಡಿದರೆ ಉಳಿದವರು ಸಾಚಾ ಆಗಿಬಿಡುತ್ತಾರೆ. ‘ಐಇಎಲ್‌ಟಿಎಸ್ ಬೇಡ, ಪ್ರೊಸೆಸಿಂಗ್ ಫ್ರೀ, ಒಂದು ವರ್ಷ ಎಂಎಸ್ಸಿ, ಎರಡು ವರ್ಷ ಪಿಎಸ್‌ಡಬ್ಲ್ಯು, ಆಮೇಲೆ ಅಲ್ಲೇ ಸೆಟ್ಲ್.’ ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾನು ಎದುರಿಗೆ ಕೂತು ಕೇಳಿದ್ದೇನೆ. (ಐಇಎಲ್‌ಟಿಎಸ್ ಅಂದರೆ ಇಂಗ್ಲಿಷ್ ಭಾಷೆಯ ಪರೀಕ್ಷೆ, ಪಿಎಸ್‌ಡಬ್ಲ್ಯು ಅಂದರೆ ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ವೀಸಾ.)

ಶುಲ್ಕ 15 ಸಾವಿರ ಪೌಂಡಿನ ಹತ್ತಿರ, ಆಗಿನ ದರದಲ್ಲಿ 15 ಲಕ್ಷ ದಾಟುತ್ತದೆ. ಏಳೂವರೆ ಲಕ್ಷದ ಮೇಲಿನ ವಿದ್ಯಾಭ್ಯಾಸ ಸಾಲಕ್ಕೆ ಬ್ಯಾಂಕು ಅಡವು ಕೇಳಿತು. ಅಕ್ಕನ ಹೆಸರಿನಲ್ಲಿದ್ದ ಒಂದು ಎಕ್ರೆ ಇಪ್ಪತ್ತು ಸೆಂಟ್ಸ್ ಅಡಿಕೆ ತೋಟದ ಕಾಗದಪತ್ರ ಹೋಯಿತು. ಅದು ಕೊಳೆರೋಗ, ಎಲೆಚುಕ್ಕಿ ಎರಡನ್ನೂ ತಿಂದು ಉಳಿದಿದ್ದ ತೋಟ.

ಇನ್ನು ಜೀವನ ಖರ್ಚಿನ ದುಡ್ಡು. ಬ್ರಿಟನ್ನಿನ ನಿಯಮದಂತೆ ಲಂಡನ್ನಿನ ಹೊರಗೆ ಓದುವವನು ಆಗ ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು ಖಾತೆಯಲ್ಲಿ ತೋರಿಸಬೇಕಿತ್ತು, ಅದೂ 28 ದಿನ ಎಡೆಬಿಡದೆ. ಒಂಬತ್ತೂವರೆ ಲಕ್ಷಕ್ಕೂ ಮೇಲೆ. ಅಕ್ಕನಲ್ಲಿ ಎಲ್ಲಿಂದ? ಕನ್ಸಲ್ಟೆನ್ಸಿಯವನೇ ಒಬ್ಬನನ್ನು ಗುರುತು ಮಾಡಿಸಿದ. ದುಡ್ಡು ಬಂತು, ಖಾತೆಯಲ್ಲಿ ಮಲಗಿತು, 28 ದಿನ ದಾಟಿ ಸ್ಟೇಟ್‌ಮೆಂಟು ಕೈಗೆ ಬಂದ ಮೇಲೆ ಎದ್ದು ಹೋಯಿತು. ಬಡ್ಡಿ ದಿನದ ಲೆಕ್ಕದಲ್ಲಿ. ಆ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆದುಕೊಟ್ಟವನು ನಾನು. ನಾಲ್ಕು ಪುಟ, ಪುಟಕ್ಕೆ ಇಷ್ಟೆಂದು ಅಕ್ಕನಿಂದ ದುಡ್ಡು ತೆಗೆದುಕೊಂಡಿಲ್ಲ ಎಂಬುದನ್ನು ಆಗ ದೊಡ್ಡ ಉಪಕಾರವೆಂದು ತಿಳಿದಿದ್ದೆ. ವೀಸಾದವರಿಗೆ ಮೋಸ ಮಾಡಿದ್ದು ಗೊತ್ತಾದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ ಎಂಬುದನ್ನು ನಾನು ಓದಿದ್ದು ಹುಡುಗ ವಿಮಾನ ಹತ್ತಿದ ಮೇಲೆ.

ಅವನು ಹೊರಟದ್ದು 2024ರ ಜನವರಿಯಲ್ಲಿ, ಕಣ್ಣೂರಿನಿಂದ. ಐದು ಕಿಲೋ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಪೆಟ್ಟಿಗೆಯ ತೂಕ ಹೆಚ್ಚಾಗಿ ಅರ್ಧ ಅಕ್ಕಿಯನ್ನು ಏರ್‌ಪೋರ್ಟಿನಲ್ಲೇ ತೆಗೆದು ಅಕ್ಕನ ಸೀರೆಯ ಸೆರಗಿಗೆ ಸುರಿದೆವು.

ಈಗ ಒಂದು ತಾರೀಕು ಹೇಳುತ್ತೇನೆ, ದಯವಿಟ್ಟು ಗಮನಿಸಿ. 2023ರ ಡಿಸೆಂಬರ್ 4. ಪಿಎಸ್‌ಡಬ್ಲ್ಯು ಮುಗಿದ ಮೇಲೂ ಅಲ್ಲೇ ಕೆಲಸದಲ್ಲಿ ಉಳಿಯುವವರು ಸಾಮಾನ್ಯವಾಗಿ ಹಿಡಿಯುವ ನುರಿತ ಕೆಲಸದ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳವನ್ನು ವರ್ಷಕ್ಕೆ 26,200 ಪೌಂಡಿನಿಂದ 38,700 ಪೌಂಡಿಗೆ ಏರಿಸುತ್ತೇವೆ ಎಂದು ಬ್ರಿಟನ್ನಿನ ಸರಕಾರ ಅಂದು ಪಾರ್ಲಿಮೆಂಟಿನಲ್ಲೇ ಹೇಳಿತು. ನಮ್ಮ ಹುಡುಗ ವಿಮಾನ ಹತ್ತಲು ಆಗ ಇನ್ನೂ ಒಂದು ತಿಂಗಳು ಬಾಕಿ ಇತ್ತು. ಏಪ್ರಿಲ್ 2024ರಲ್ಲಿ ಅದು ಜಾರಿಗೂ ಬಂತು. 2025ರ ಜುಲೈ 22ರಿಂದ ಸಾಮಾನ್ಯ ಮಿತಿ 41,700 ಪೌಂಡ್. ಓದು ಮುಗಿಸಿದ ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ ನಿಜ, ಆದರೆ ಸಾಮಾನ್ಯವಾಗಿ ಪದವಿ ಮಟ್ಟದ ಕೆಲಸವೇ ಆಗಿರಬೇಕು. ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಜನ ಕರೆಸುವುದನ್ನೂ ಅದೇ ದಿನ ನಿಲ್ಲಿಸಿದರು. 2027ರ ಜನವರಿಯಿಂದ ಪಿಎಸ್‌ಡಬ್ಲ್ಯುವಿಗೆ ಅರ್ಜಿ ಹಾಕುವ ಪದವೀಧರರಿಗೆ ಎರಡು ವರ್ಷದ ಬದಲು ಹದಿನೆಂಟು ತಿಂಗಳು. ಇವೆಲ್ಲ ಗುಟ್ಟಿನ ವಿಷಯಗಳಲ್ಲ, ಪತ್ರಿಕೆಯಲ್ಲಿ ಬಂದವು. ‘ಆಮೇಲೆ ಅಲ್ಲೇ ಸೆಟ್ಲ್’ ಎಂದವನು ಪತ್ರಿಕೆ ಓದುವುದಿಲ್ಲವೆಂದು ನಾನು ನಂಬುವುದಿಲ್ಲ.

ಇನ್ನೊಂದು ಲೆಕ್ಕ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳಿರುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. 2024ರ ಏಪ್ರಿಲಿನಿಂದ ಒಂದು ವರ್ಷ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್ ಇತ್ತು. ವಾರಕ್ಕೆ 228 ಪೌಂಡ್ ಚಿಲ್ಲರೆ, ತಿಂಗಳಿಗೆ ಸುಮಾರು 991. ಒಬ್ಬನ ಜೀವನಕ್ಕೆ ತಿಂಗಳಿಗೆ 1,023 ಬೇಕೆಂದು 2024ರಲ್ಲಿ ಅಲ್ಲಿನ ಸರಕಾರವೇ ಲೆಕ್ಕ ಹಾಕಿತ್ತು. ಅಂದರೆ ಕೆಲಸ ಮೊದಲ ದಿನವೇ ಸಿಕ್ಕಿ, ಒಂದು ವಾರವೂ ತಪ್ಪದೆ ದುಡಿದರೂ ತಿಂಗಳಿಗೆ 32 ಪೌಂಡ್ ಕಡಿಮೆ ಬೀಳುತ್ತಿತ್ತು. ಶುಲ್ಕ, ಬಡ್ಡಿ, ಊರಿಗೆ ಕಳಿಸುವ ದುಡ್ಡು ಇವು ಯಾವ ಬಾಬ್ತಿನಿಂದ? ‘ಪಾರ್ಟ್ ಟೈಮ್ ಮಾಡಿ ಸಾಲ ತೀರಿಸಬಹುದು’ ಎಂಬ ಮಾತು ಈ ಒಂದು ಗುಣಾಕಾರದ ಎದುರು ನಿಲ್ಲುವುದಿಲ್ಲ. ನಾಲ್ಕನೆಯ ಕ್ಲಾಸಿನ ಗುಣಾಕಾರ. ನಮ್ಮಲ್ಲಿ ಯಾರೂ ಮಾಡಿ ನೋಡಲಿಲ್ಲ, ನಾನು ಸೇರಿ.

ಹುಡುಗ ಈಗಲೂ ಅಲ್ಲಿದ್ದಾನೆ. ಕೋರ್ಸು ಮುಗಿದಿದೆ. ಒಂದು ಗೋದಾಮಿನಲ್ಲಿ ರಾತ್ರಿಪಾಳಿ. ಒಮ್ಮೆ ವಿಡಿಯೋ ಕಾಲ್ ಮಾಡಿದಾಗ ಫೋನನ್ನು ಗೋಡೆಗೆ ಒರಗಿಸಿ ಬೂಟು ಬಿಚ್ಚುತ್ತಿದ್ದ. ಕಾಲ್ಚೀಲದ ಹಿಮ್ಮಡಿ ಹರಿದು ಚರ್ಮ ಬಿಳಿಚಿ ಸುಲಿದಿತ್ತು, ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ನಿಂತವರ ಕಾಲಿನ ಹಾಗೆ. ನಾನು ನೋಡಿದ್ದು ಅವನಿಗೆ ತಿಳಿಯಿತು. ‘ಮಾವ, ಅಮ್ಮನಿಗೆ ಹೇಳ್ಬೇಡಿ’ ಎಂದ. ಅಕ್ಕ ಊರಲ್ಲಿ ಎಲ್ಲರಿಗೂ ಹೇಳುವುದು, ‘ಮಗ ಕಂಪೆನಿಯಲ್ಲಿದ್ದಾನೆ.’ ಗೋದಾಮು ಕೂಡ ಕಂಪೆನಿಯದ್ದೇ, ಸುಳ್ಳೇನಲ್ಲ.

ಗೋದಾಮಿನ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮ ಜಿಲ್ಲೆಯನ್ನು ಕಟ್ಟಿದ್ದೇ ಹೊರಗೆ ಹೋಗಿ ದುಡಿದವರು. ಮೊದಲು ಬೊಂಬಾಯಿ, ಆಮೇಲೆ ದುಬೈ, ಕುವೈತ್. ಅವರ ದುಡ್ಡಿನಿಂದ ಇಲ್ಲಿ ಮನೆ ಎದ್ದವು, ಮಸೀದಿ, ಮಂದಿರ, ಶಾಲೆ ಎದ್ದವು. ವ್ಯತ್ಯಾಸ ಇರುವುದು ಇಲ್ಲಿ: ಗಲ್ಫಿಗೆ ಹೋದವನು ದುಡಿಯಲು ಹೋದ, ಮೊದಲ ತಿಂಗಳೇ ಸಂಬಳ ಎಣಿಸಿದ. ಇವನು ದುಡಿಯುವ ಅವಕಾಶಕ್ಕಾಗಿ ತೋಟ ಅಡವಿಟ್ಟು, ವಿದ್ಯಾರ್ಥಿ ಎಂಬ ವೇಷ ಹಾಕಿಕೊಂಡು ಹೋಗುತ್ತಾನೆ. ಅವನಿಗೆ ಬೇಕಾದದ್ದು ಕೆಲಸ, ಅವನು ಕೊಂಡದ್ದು ಸೀಟು.

ಕಾನೂನು ಕೂಡ ಈ ಇಬ್ಬರನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ದುಬೈಗೆ ಒಬ್ಬ ಎಲೆಕ್ಟ್ರಿಶಿಯನ್ನನ್ನು ಕಳಿಸುವ ಏಜೆಂಟನಿಗೆ 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ನೋಂದಣಿ ಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು, ಅಭ್ಯರ್ಥಿಯಿಂದ 30 ಸಾವಿರ ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತೆಗೆಯುವಂತಿಲ್ಲ. ಅದೇ ಏಜೆಂಟ್ ಪಕ್ಕದ ಕೋಣೆಯಲ್ಲಿ ಕೂತು ‘ಸ್ಟಡಿ ಅಬ್ರಾಡ್’ ಎಂದು ಬೋರ್ಡು ಹಾಕಿದರೆ ಆ ಕಾಯ್ದೆ ಅವನ ಹೊಸ್ತಿಲು ತುಳಿಯುವುದಿಲ್ಲ, ಏಕೆಂದರೆ ವಿದ್ಯಾರ್ಥಿ ಕೆಲಸಗಾರನಲ್ಲ. ಪಂಜಾಬಿನಲ್ಲಿ 2012ರ ಕಾಯ್ದೆಯಡಿ ವಿದೇಶಕ್ಕೆ ಕಳಿಸುವ ಸಲಹೆಗಾರರಿಗೂ ಐಇಎಲ್‌ಟಿಎಸ್ ಕೋಚಿಂಗಿನವರಿಗೂ ಲೈಸೆನ್ಸು ಬೇಕು. ಅಲ್ಲಿ ಮೋಸ ನಿಂತಿದೆಯೇ? ಇಲ್ಲ. ಕೆನಡಾದಲ್ಲಿ ನಕಲಿ ಪ್ರವೇಶಪತ್ರದಿಂದ 2023ರಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಹೆಚ್ಚಿನವರು ಪಂಜಾಬಿನವರೇ. ಆದರೂ ದೂರು ಕೊಡಲು ಹೋದವನಿಗೆ ಹಿಡಿಯಲು ಒಂದು ಕಾಯ್ದೆಯಾದರೂ ಇದೆ.

‘ಫ್ರೀ’ ಎಂಬುದರ ಒಳಗುಟ್ಟನ್ನೂ ಹೇಳುತ್ತೇನೆ. ಪ್ರೊಸೆಸಿಂಗ್ ಫ್ರೀ ಏಕೆಂದರೆ ವಿಶ್ವವಿದ್ಯಾಲಯ ಏಜೆಂಟನಿಗೆ ಕಮಿಷನ್ ಕೊಡುತ್ತದೆ, ವಿದ್ಯಾರ್ಥಿ ಕಟ್ಟಿದ ಮೊದಲ ವರ್ಷದ ಶುಲ್ಕದಲ್ಲಿ ಒಂದು ಪಾಲು. ಅಡಿಕೆ ಮಂಡಿಯ ದಲ್ಲಾಳಿ ಯಾರ ಕಡೆಯವನು ಎಂದು ನಮ್ಮೂರಿನ ಯಾವ ಕೃಷಿಕನಿಗೂ ಹೇಳಿಕೊಡಬೇಕಾಗಿಲ್ಲ. ಮಗನ ವಿಷಯ ಬಂದಾಗ ಅದೇ ಕೃಷಿಕ ದಲ್ಲಾಳಿಯನ್ನು ‘ಸರ್’ ಎಂದು ಕರೆದು ಚಹಾ ಕೊಡುತ್ತಾನೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾಶುಲ್ಕವೇ ಇಲ್ಲ. ಶುಲ್ಕವಿಲ್ಲದ ಕಡೆ ಕಮಿಷನ್ ಎಲ್ಲಿಂದ ಹುಟ್ಟಬೇಕು? ಅಂಥ ಕಡೆಯ ಹೆಸರನ್ನು ಏಜೆಂಟ್ ತಾನಾಗಿ ಎತ್ತಿದ್ದನ್ನು ನಾನಂತೂ ಕೇಳಿಲ್ಲ.

ಈಗ ಭಾಷೆಗೆ ಬರುತ್ತೇನೆ. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯ ಮೇಲೆ ನೀವೂ ಹೇಳುತ್ತೀರಿ, ನಾವೂ ಚಪ್ಪಾಳೆ ತಟ್ಟುತ್ತೇವೆ. ಏಜೆಂಟ್ ಸಹಿ ಹಾಕಿಸುವ ಒಪ್ಪಂದ ಇರುವುದು ಎಂಟನೆಯ ಭಾಷೆಯಲ್ಲಿ. ಎಣ್ಮಕಜೆಯಲ್ಲೋ ಕುಂಬ್ಡಾಜೆಯಲ್ಲೋ ಪೈವಳಿಕೆಯಲ್ಲೋ ಇರುವ ಒಬ್ಬ ತಾಯಿ ತುಳು ಮಾತಾಡುತ್ತಾಳೆ, ಕನ್ನಡ ಓದುತ್ತಾಳೆ, ಪೇಟೆಯಲ್ಲಿ ಮಲಯಾಳ ನಿಭಾಯಿಸುತ್ತಾಳೆ. ವೀಸಾದ ನಿಯಮ ಇರುವುದು ಇಂಗ್ಲಿಷಿನಲ್ಲಿ. ಸರಕಾರದ ಎಚ್ಚರಿಕೆಯ ಪ್ರಕಟಣೆ ನನ್ನ ಕೌಂಟರಿಗೆ ಮುಟ್ಟುವುದು ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡದಲ್ಲಿ, ಮನೆಗೇ ಬಂದು, ಸಾವಧಾನವಾಗಿ ವಿವರಿಸುವವನು ಒಬ್ಬನೇ: ಆ ಏಜೆಂಟ್. ಜನ ಅವನನ್ನು ನಂಬುವುದರಲ್ಲಿ ಆಶ್ಚರ್ಯವೇನು? ಅವನ ಕನ್ನಡ ಚೆನ್ನಾಗಿರುತ್ತದೆ ಸ್ವಾಮಿ, ನನ್ನದಕ್ಕಿಂತ ಚೆನ್ನಾಗಿರುತ್ತದೆ.

‘ಹೋಗಬೇಡಿ’ ಎಂದು ಬರೆಯಿರಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಹೋಗುವವರು ಹೋಗಿಯೇ ಹೋಗುತ್ತಾರೆ. ಕೇರಳದಿಂದ ಹೋಗಿ ಹೊರದೇಶದಲ್ಲಿದ್ದ ವಿದ್ಯಾರ್ಥಿಗಳು 2018ರಲ್ಲಿ ಸುಮಾರು 1.3 ಲಕ್ಷ, 2023ರಲ್ಲಿ ಸುಮಾರು 2.5 ಲಕ್ಷ ಎಂದು ಕೇರಳ ವಲಸೆ ಸಮೀಕ್ಷೆ ಹೇಳಿದೆ. ಐದು ವರ್ಷದಲ್ಲಿ ಹತ್ತಿರ ಹತ್ತಿರ ಇಮ್ಮಡಿ. ಕಾರಣಗಳೂ ಒಂದೆರಡಲ್ಲ, ಎಲ್ಲವನ್ನೂ ಅರ್ಜಿಯಲ್ಲಿ ಬರೆಯಲೂ ಆಗುವುದಿಲ್ಲ. ತೋಟ ನೋಡಿಕೊಂಡು ಮನೆಯಲ್ಲಿರುವ ಹುಡುಗನಿಗೆ ನಮ್ಮಲ್ಲಿ ಹೆಣ್ಣು ಸಿಗುವುದಿಲ್ಲ. ಜಾತಕ ನೋಡುವ ಮೊದಲೇ ‘ಹುಡುಗ ಎಲ್ಲಿದ್ದಾನೆ’ ಎಂಬ ಪ್ರಶ್ನೆ. ‘ಯುಕೆ’ ಎಂಬ ಎರಡಕ್ಷರಕ್ಕೆ ಒಂದೆಕ್ರೆ ತೋಟಕ್ಕಿಂತ ಬೆಲೆ ಇದೆ. ತೋಟವನ್ನೇ ಅಡವಿಟ್ಟು ಆ ಎರಡಕ್ಷರ ಕೊಂಡದ್ದು ಎಂಬುದನ್ನು ಹೆಣ್ಣಿನ ಕಡೆಯವರು ಕೇಳುವುದಿಲ್ಲ. ಹುಡುಗಿಯರದ್ದು ಬೇರೆ ಕಥೆ. ‘ಇನ್ನೊಂದು ವರ್ಷ ಸುಮ್ಮನೆ ಕೂತರೆ ಮದುವೆ ಮಾಡಿಬಿಡುತ್ತಾರೆ ಅಣ್ಣ’ ಎಂದು ಪೊಲೀಸ್ ಕ್ಲಿಯರೆನ್ಸಿನ ಫೋಟೋಕ್ಕೆ ಕೂತವಳು ಒಬ್ಬಳು ಹೇಳಿದ್ದಳು. ಅವಳಿಗೆ ಏನು ಬುದ್ಧಿ ಹೇಳಲಿ? ಫೋಟೋ ಸರಿಯಾಗಿ ತೆಗೆದುಕೊಟ್ಟೆ.

ಕಸುಬು ಕೈಯಲ್ಲಿರುವವರ ದಾರಿ ಬೇರೆ ಇದೆ ಎಂಬುದನ್ನು ನಮ್ಮ ನರ್ಸ್ ಹುಡುಗಿಯರನ್ನು ನೋಡಿಯೇ ಕಲಿಯಬಹುದಿತ್ತು. ಹೊರನಾಡಿನ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸ್ ಮತ್ತು ಜರ್ಮನಿಯ ಸರಕಾರಿ ಸಂಸ್ಥೆಗಳು ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸುಗಳು ಭಾಷೆ ಕಲಿತು, ನೇಮಕಾತಿಯ ಫೀಸು ಕೊಡದೆ ಹೋಗುತ್ತಾರೆ. ಬಿ.ಎ., ಬಿ.ಕಾಂ. ಮಾಡಿದವನಿಗೆ ಅದು ಒದಗುವುದಿಲ್ಲ ನಿಜ. ಅವನಿಗೂ ಪ್ಲಸ್ ಟು ಮುಗಿಸಿದವನಿಗೂ ಅದೇ ದೇಶದಲ್ಲಿ ಔಸ್‌ಬಿಲ್ಡುಂಗ್ ಎಂಬ ಕಸುಬಿನ ತರಬೇತಿ ಇದೆ. ಎರಡರಿಂದ ಮೂರೂವರೆ ವರ್ಷ ಕೆಲಸ ಕಲಿಯುತ್ತ ತಿಂಗಳು ತಿಂಗಳು ಭತ್ತೆ ಪಡೆಯಬಹುದು, ಶುಲ್ಕ ಕಟ್ಟುವ ಬದಲು. ಆದರೆ ಜರ್ಮನ್ ಭಾಷೆ ಬಿ1 ಅಥವಾ ಬಿ2 ಮಟ್ಟಕ್ಕೆ ಬರಬೇಕು, ಅದು ಮೂರು ತಿಂಗಳಲ್ಲಿ ಬರುವಂಥದ್ದಲ್ಲ. (ಇದಕ್ಕೂ ಈಗ ಏಜೆಂಟರು ಹುಟ್ಟಿಕೊಂಡಿದ್ದಾರೆ, ಲಕ್ಷಗಟ್ಟಲೆ ಕೇಳುತ್ತಾರೆ. ನೆರೆಗದ್ದೆಯ ನೀರು ನಮ್ಮ ಗದ್ದೆಗೂ ಬಂದೇ ಬರುತ್ತದೆ.) ಕೆನಡಾದ ಮಾತು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ತೋರಿಸಬೇಕಾದ ಖರ್ಚಿನ ದುಡ್ಡನ್ನು 2024ರ ಜನವರಿಯಲ್ಲಿ 10 ಸಾವಿರದಿಂದ 20,635 ಡಾಲರಿಗೆ ಏರಿಸಿದರು, ಆಮೇಲೆ ಮತ್ತೂ ಏರಿಸಿದರು. ಖಾಸಗಿ ಕಾಲೇಜುಗಳ ಅನೇಕ ಕೋರ್ಸುಗಳಿಗೆ ಓದಿನ ನಂತರದ ಕೆಲಸದ ಪರವಾನಗಿಯೇ ಸಿಗುವುದಿಲ್ಲ. ಸೀಟು ಸಿಕ್ಕಿತು ಎಂದು ಹಾರಬೇಡಿ.

ನಿಮ್ಮಿಂದ ಏನಾಗಬೇಕು ಎಂದು ಕೇಳಬಹುದು. ಎಮಿಗ್ರೇಶನ್ ಕಾಯ್ದೆ ದಿಲ್ಲಿಯದ್ದು, ವೀಸಾ ಲಂಡನ್ನಿನದ್ದು, ಅದು ನನಗೂ ಗೊತ್ತು. ಆದರೆ ಜಿಲ್ಲೆಯ ಸರಕಾರಿ ಹೈಸ್ಕೂಲು, ಹೈಯರ್ ಸೆಕೆಂಡರಿ ಶಾಲೆಗಳು ನಿಮ್ಮ ಉಸ್ತುವಾರಿಯಲ್ಲಿವೆ. ಪ್ಲಸ್ ಟು ಮಕ್ಕಳಿಗೆ ಮತ್ತು ಪಿಟಿಎ ಸಭೆಗೆ ಬರುವ ತಂದೆ ತಾಯಿಯರಿಗೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಅಚ್ಚು ಹಾಕಿಸಿ. ಸುಂದರವಾಗಿರಬೇಕಾಗಿಲ್ಲ. ವಾರಕ್ಕೆ ಎಷ್ಟು ಗಂಟೆ ಕೆಲಸ, ಗಂಟೆಗೆ ಎಷ್ಟು ಕೂಲಿ, ತಿಂಗಳ ಖರ್ಚು ಎಷ್ಟು, ಓದಿನ ನಂತರ ಉಳಿಯಲು ಎಷ್ಟು ಸಂಬಳದ ಕೆಲಸ ಬೇಕು, ಅದರ ಕೆಳಗೆ ನಾನು ಮೇಲೆ ಮಾಡಿದ ಆ ಗುಣಾಕಾರ. ವರ್ಷಕ್ಕೆರಡು ಸಲ ಅಂಕಿಗಳನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಬೇಕು, ಏಕೆಂದರೆ ಅವರು ನಿಯಮ ಬದಲಿಸುವುದು ನಮ್ಮ ಅಧ್ಯಯನ ವರ್ಷ ನೋಡಿಕೊಂಡಲ್ಲ. ಅನುವಾದ ಮಾಡಲು ಜನ ಇಲ್ಲ ಎನ್ನಬೇಡಿ, ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಅದೂ ಆಗದಿದ್ದರೆ ನಾನೇ ಮಾಡಿಕೊಡುತ್ತೇನೆ, ಪುಟಕ್ಕೆ ಇಷ್ಟೆಂದು ಕೇಳುವುದಿಲ್ಲ.

ಇಲ್ಲಿ ಒಂದು ಕೋಳಿ ಅಂಗಡಿ ತೆರೆಯಬೇಕಾದರೂ ಪಂಚಾಯತಿನ ಲೈಸೆನ್ಸು ಬೇಕು. ಈ ಕನ್ಸಲ್ಟೆನ್ಸಿಗಳೂ ಎಲ್ಲೋ ಒಂದು ಗ್ರಾಮ ಪಂಚಾಯತಿನ ಅಥವಾ ನಗರಸಭೆಯ ಕಟ್ಟಡದ ನಂಬರಿನಲ್ಲೇ ಕೂತಿರುವುದು. ಜಿಲ್ಲೆಯಲ್ಲಿ ಇಂಥವು ಎಷ್ಟಿವೆ, ಯಾರ ಹೆಸರಿನಲ್ಲಿವೆ ಎಂದು ಗ್ರಾಮ ಪಂಚಾಯತುಗಳಿಂದ ಒಂದು ಪಟ್ಟಿ ತರಿಸಿ ಪ್ರಕಟಿಸಲು ಹೊಸ ಕಾಯ್ದೆ ಬೇಡ. ದುಡ್ಡು ತೆಗೆದುಕೊಂಡದ್ದಕ್ಕೆ ರಶೀದಿ ಕೊಡುತ್ತಾರೆಯೇ, ಕಮಿಷನ್ ಬರುತ್ತದೆ ಎಂಬುದನ್ನು ಬರೆದು ಕೊಡುತ್ತಾರೆಯೇ ಎಂದು ಕೇಳಿನೋಡಿ. ಕೊಡದವರ ಹೆಸರಿನ ಮುಂದೆ ‘ಉತ್ತರ ಬಂದಿಲ್ಲ’ ಎಂದು ಬರೆದರೆ ಸಾಕು, ಜನರಿಗೆ ಅರ್ಥವಾಗುತ್ತದೆ.

ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ, ಕೇರಳ ಸರಕಾರದ್ದೇ ಆದ ಒಡೆಪೆಕ್ ಸಂಸ್ಥೆ 1977ರಿಂದ ಇದೆ, ಈಗ ವಿದೇಶದ ಓದಿನ ಸಲಹೆಯನ್ನೂ ಕೊಡುತ್ತದೆ. ನನ್ನ ಕೌಂಟರಿಗೆ ಬಂದವರಲ್ಲಿ ಆ ಹೆಸರು ಕೇಳಿದ್ದವರು ಅಪರೂಪ. ತಿಂಗಳಿಗೆ ಒಂದು ದಿನ ಮಂಜೇಶ್ವರದಲ್ಲಿ, ಒಂದು ದಿನ ಬದಿಯಡ್ಕದಲ್ಲಿ, ಕನ್ನಡ ಬಲ್ಲ ಒಬ್ಬರನ್ನು ಕೂರಿಸುವಂತೆ ಅವರಿಗೂ ನೋರ್ಕಾಕ್ಕೂ ನೀವು ಠರಾವು ಮಾಡಿ ಬರೆಯಬಹುದು. ನಮ್ಮಂಥವರು ಬರೆದರೆ ಅದು ಅರ್ಜಿ, ನೀವು ಬರೆದರೆ ಅದು ಕಡತ.

ಸಲಹೆ ಕೊಡುವ ಆ ದಿನಗಳಂದು, ಹೋಗಿ ಮರಳಿ ಬಂದವರನ್ನೂ ಕರೆಯಿರಿ. ವಿದೇಶದಿಂದ ವಾಪಸು ಬಂದ ಹುಡುಗರು ಊರಲ್ಲಿದ್ದಾರೆ, ನನಗೆ ಗೊತ್ತಿರುವವರೇ ಮೂವರು. ‘ರಜೆಯಲ್ಲಿ ಬಂದದ್ದು’ ಎಂದು ಹೇಳಿಕೊಂಡು ಎರಡು ಓಣಂ ಕಳೆದಿದ್ದಾರೆ. ಅವರನ್ನು ವೇದಿಕೆ ಹತ್ತಿಸಿ ಸನ್ಮಾನ ಮಾಡಬೇಡಿ, ಬೆಂಚಿನ ಮೇಲೆ ಮಕ್ಕಳ ಪಕ್ಕದಲ್ಲಿ ಕೂರಿಸಿ. ಮಾತು ತಾನಾಗಿ ಹೊರಡುತ್ತದೆ.

ಈ ಪತ್ರ ಬರೆದು ಮುಗಿಸುವ ಹೊತ್ತಿಗೆ ಒಬ್ಬರು ಕೊಡೆ ಮಡಚಿ ಒಳಗೆ ಬಂದಿದ್ದಾರೆ. ಮಗಳದ್ದು ಬಿ.ಎ. ಆಗಿದೆಯಂತೆ. ತೀರ್ವೆ ರಶೀದಿ ಬೇಕಂತೆ. ಕೂರಲು ಹೇಳಿದ್ದೇನೆ. ಸದ್ಯಕ್ಕೆ ಆ ಗುಣಾಕಾರವನ್ನು ಹಳೆಯ ರಶೀದಿಯ ಬೆನ್ನಿಗೆ ಕೈಯಲ್ಲೇ ಬರೆದು ಕೊಡುತ್ತೇನೆ. ನಿಮ್ಮ ಹಾಳೆ ಬಂದರೆ ಅದನ್ನು ಕೊಡಬಹುದು.

ಉತ್ತರವನ್ನು ಕನ್ನಡದಲ್ಲಿ ಕಳಿಸಿದರೆ ಸಂತೋಷ. ಮಲಯಾಳದಲ್ಲಿ ಬಂದರೂ ಓದಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಬದಿಯಡ್ಕ ಕಡೆಯ ಅಕ್ಷಯ ಕೇಂದ್ರದವ